ಸೈಲೆನ್ಸರ್ ಪೈಪಿಗೆ ಹೀಟ್ ಪಟ್ಟಿ ಸುತ್ತಬೇಕಾ? ಕಲಬುರಗಿ ಕಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಮುಗಿಯುವ ಹೊತ್ತಿಗೆ ನನ್ನ ಫೋನಿಗೆ ಒಂದೇ ತರಹದ ಮೆಸೇಜ್‌ಗಳು ಬರಲು ಶುರುವಾಗುತ್ತವೆ. "ಅಣ್ಣಾ, ಗಾಡಿ ಭಾಳ ಕಾಯ್ತದ. ಆ ಬಿಳಿ ಪಟ್ಟಿ ಸುತ್ತಿದ್ರ ತಣ್ಣಗ ಆಗ್ತದೇನು?" ನಾನು ಮಿಸ್ತ್ರಿ ಅಲ್ಲ. ಕಲಬುರಗಿಯಲ್ಲಿ ಒಂದು ಹಳೇ ಪೆಟ್ರೋಲ್ ಕಾರನ್ನು ನಾನೇ ಬಿಚ್ಚಿ, ನಾನೇ ಜೋಡಿಸಿ ಓಡಿಸುವವನು. ಎರಡು ಸಲ ಪಟ್ಟಿ ಸುತ್ತಿದ್ದೇನೆ, ಒಂದು ಸಲ ಕಿತ್ತು ಎಸೆದಿದ್ದೇನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಈ ಹೀಟ್ ಪಟ್ಟಿ ಅಂದರೆ ಏನು?

ಗಾಜಿನ ನೂಲಿನಲ್ಲಿ ನೇಯ್ದ ಪಟ್ಟಿ. ನೋಡಲು ಆಸ್ಪತ್ರೆಯ ಬ್ಯಾಂಡೇಜ್ ಇದ್ದ ಹಾಗಿರುತ್ತದೆ. ಸಾಮಾನ್ಯವಾಗಿ 1 ಅಥವಾ 2 ಇಂಚು ಅಗಲ, ಒಂದೂವರೆ ಮಿಲಿಮೀಟರ್ ಆಸುಪಾಸು ದಪ್ಪ. 10 ಅಥವಾ 15 ಮೀಟರಿನ ಸುರುಳಿಯಲ್ಲಿ ಸಿಗುತ್ತದೆ. ಎಂಜಿನ್ನಿನಿಂದ ಹೊಗೆ ಹೊರಬರುವ ಪೈಪಿಗೆ ಇದನ್ನು ಬಿಗಿಯಾಗಿ ಸುತ್ತಿ, ಸ್ಟೀಲ್ ಟೈ ಹಾಕಿ ಕಟ್ಟುತ್ತಾರೆ. ಮೊದಲ ಸಲ ನಾನು ಸುತ್ತುತ್ತಿದ್ದಾಗ ಪಕ್ಕದ ಮನೆಯ ಅಜ್ಜ ಬಗ್ಗಿ ನೋಡಿ, "ಗಾಡಿಗಿ ಎಲ್ಲಿ ಪೆಟ್ಟಾಗ್ಯಾದಪ್ಪ?" ಅಂತ ಕೇಳಿದ್ದರು.

ನಮ್ಮ ಕಡೆ ಇಡೀ ಪೈಪಿಗೇ ಸೈಲೆನ್ಸರ್ ಅನ್ನುವ ರೂಢಿ. ಆದರೆ ಪಟ್ಟಿಯ ವಿಷಯಕ್ಕೆ ಬಂದರೆ ಭಾಗಗಳ ಹೆಸರು ಗೊತ್ತಿರಬೇಕು. ಎಂಜಿನ್ನಿಗೆ ಅಂಟಿಕೊಂಡ ಕವಲು ಪೈಪು ಮ್ಯಾನಿಫೋಲ್ಡ್. ಅಲ್ಲಿಂದ ಕೆಳಗಿಳಿಯುವುದು ಡೌನ್‌ಪೈಪ್. ಆಮೇಲೆ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆ ಶುದ್ಧ ಮಾಡುವ ಡಬ್ಬಿ. ಹೊಸ ಕಾರುಗಳಲ್ಲಿ ಇದು ಮ್ಯಾನಿಫೋಲ್ಡಿಗೇ ಅಂಟಿಕೊಂಡಿರುತ್ತದೆ. ಕೊನೆಗೆ ಹಿಂದುಗಡೆ ಇರುವುದು ನಿಜವಾದ ಸೈಲೆನ್ಸರ್.

ಸುತ್ತಿದರೆ ಕಾರು ತಣ್ಣಗಾಗುತ್ತದಾ? ಎಸಿ ಚೆನ್ನಾಗಿ ಬರುತ್ತದಾ?

ಹೆಚ್ಚಿನವರು ಈ ಆಸೆಯಿಂದಲೇ ಪಟ್ಟಿ ಕೊಳ್ಳುತ್ತಾರೆ. ಇಲ್ಲ, ಆಗುವುದಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಆಫೀಸು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತದೆ. ಅಂದರೆ ಕಾರು ಐದೂವರೆ ಗಂಟೆ ಬಯಲಲ್ಲಿ ಬೇಯುತ್ತದೆ. ಬಿಸಿಲು ನೆತ್ತಿ ಸುಡುವ ಹೊತ್ತಿಗೆ ಸರಿಯಾಗಿ ನೀವು ಹೋಗಿ ಅದರೊಳಗೆ ಕೂರುತ್ತೀರಿ. ಸ್ಟೀರಿಂಗ್ ಮುಟ್ಟಲು ಆಗುವುದಿಲ್ಲ, ಬೆಲ್ಟಿನ ಬಕಲ್ ಚುರ್ ಅನ್ನುತ್ತದೆ. ಈಗ ಯೋಚಿಸಿ, ಆ ಕಾರು ಬೆಳಿಗ್ಗೆಯಿಂದ ಓಡೇ ಇಲ್ಲ. ಎಂಜಿನ್ ಬಂದ್, ಪೈಪು ಆರಿ ಎಷ್ಟೋ ಹೊತ್ತಾಗಿದೆ. ಆ ಕಾವೆಲ್ಲ ಗಾಜಿನಿಂದ, ಮೇಲಿನ ತಗಡಿನಿಂದ ಬಂದದ್ದು. ಪೈಪಿಗೆ ಹತ್ತು ಸುತ್ತು ಪಟ್ಟಿ ಸುತ್ತಿದರೂ ಅದು ಕಡಿಮೆಯಾಗುವುದಿಲ್ಲ. ಅದಕ್ಕೆ ಬೇಕಾಗಿರುವುದು ಬೇವಿನ ಮರದ ನೆರಳು, ಇಲ್ಲವೇ ಗಾಜಿಗೊಂದು ಪರದೆ.

ಇನ್ನೊಂದು ಲೆಕ್ಕ. ಜೋರಾಗಿ ಓಡುವ ಪೆಟ್ರೋಲ್ ಎಂಜಿನ್ನಿನಿಂದ ಹೊರಬರುವ ಹೊಗೆ 800 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಅಂಥ ಪೈಪಿಗೆ ಹೊರಗಿನ ಗಾಳಿ 25 ಇದ್ದರೇನು, 43 ಇದ್ದರೇನು? ಪೈಪಿನ ಮಟ್ಟಿಗೆ ಕಲಬುರಗಿ ಬಿಸಿಲು ಲೆಕ್ಕಕ್ಕೇ ಇಲ್ಲ. ಬಿಸಿಲಿಗೆ ಸೋಲುವುದು ಪೈಪಿನ ಅಕ್ಕಪಕ್ಕ ಇರುವವು: ವೈರು, ರಬ್ಬರ್ ಹೋಸು, ಪ್ಲಾಸ್ಟಿಕ್ ಕ್ಲಿಪ್ಪು, ಬ್ಯಾಟರಿ.

ಕಾರು ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಎಸಿ ಬಿಸಿ ಗಾಳಿ ಬಿಟ್ಟು, ಓಡುವಾಗ ಸರಿಯಾಗುತ್ತಿದ್ದರೆ ಮೊದಲು ರೇಡಿಯೇಟರ್ ಫ್ಯಾನ್ ನೋಡಿಸಿ. ಮುಂದಿನ ಕಂಡೆನ್ಸರ್, ಅಂದರೆ ಎಸಿಯ ಬಿಸಿ ಹೊರಹಾಕುವ ಜಾಲರಿಯಲ್ಲಿ ಧೂಳು ಕೂತಿದೆಯಾ ನೋಡಿ. ಸಿಮೆಂಟ್, ಕಲ್ಲುಗಣಿ ಧೂಳಿನ ಶಹಾಬಾದ್, ವಾಡಿ, ಸೇಡಂ ಕಡೆ ದಿನಾ ಓಡಾಡುವ ಕಾರುಗಳಲ್ಲಿ ಆ ಜಾಲರಿ ಬೂದಿ ಬಳಿದಂತೆ ಇರುತ್ತದೆ.

ಹಾಗಾದರೆ ಲಾಭ ಏನು?

ಪಟ್ಟಿ ಕೌದಿ ಇದ್ದ ಹಾಗೆ. ಕೌದಿ ತಾನಾಗಿ ಬಿಸಿಯೂ ಮಾಡುವುದಿಲ್ಲ, ತಂಪೂ ಮಾಡುವುದಿಲ್ಲ. ಒಳಗಿನ ಬಿಸಿಯನ್ನು ಒಳಗೇ ಇಡುತ್ತದೆ. ನೂಲುಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಕೆಲಸ ಮಾಡುವುದು. ಪೈಪಿನ ಬಿಸಿ ಬಾನೆಟ್ ಒಳಗೆ ಹರಡದೆ ಹೊಗೆಯ ಜೊತೆಗೇ ಹಿಂದಕ್ಕೆ ಹೋಗುತ್ತದೆ.

ಇದರಿಂದ ಎರಡು ಉಪಯೋಗ. ಒಂದು, ಪೈಪಿನ ಹತ್ತಿರ ಇರುವ ವೈರು, ಹೋಸು, ಸ್ಟಾರ್ಟರ್ ಮೋಟಾರು ಬೇಯುವುದು ತಪ್ಪುತ್ತದೆ. ನನಗೆ ನಿಜಕ್ಕೂ ಬೇಕಾಗಿದ್ದದ್ದು ಇದೇ. ನನ್ನ ಕಾರಿನಲ್ಲಿ ಸ್ಟಾರ್ಟರ್ ಮೋಟಾರು ಡೌನ್‌ಪೈಪಿಗೆ ನಾಲ್ಕು ಬೆರಳು ದೂರ. ಬೇಸಿಗೆಯಲ್ಲಿ ದೂರ ಓಡಿಸಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟು ತಿರುಗಿಸಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಸ್ಟಾರ್ಟ್! ಅಲ್ಲಿ ಒಂದೂವರೆ ಅಡಿ ಪಟ್ಟಿ ಸುತ್ತಿದ ಮೇಲೆ ಆ ಕಾಟ ನಿಂತಿತು.

ಎರಡನೆಯದು, ಎಂಜಿನ್ ಬಾನೆಟ್ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುವ ಕಾರಾಗಿದ್ದರೆ ಅದಕ್ಕೆ ಸ್ವಲ್ಪ ತಂಪಾದ ಗಾಳಿ ಸಿಗುತ್ತದೆ. ಗಾಳಿ 3 ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ ಶೇಕಡ 1ರಷ್ಟು ತೆಳುವಾಗುತ್ತದೆ. ಜನವರಿಯ ಮುಂಜಾನೆ ಚುರುಕಾಗಿ ಓಡುವ ಕಾರು ಮೇ ಮಧ್ಯಾಹ್ನ ಮಂಕಾಗುವುದಕ್ಕೆ ಇದೂ ಒಂದು ಕಾರಣ. 25 ಡಿಗ್ರಿ ಗಾಳಿಗೂ 43 ಡಿಗ್ರಿ ಗಾಳಿಗೂ ಶೇಕಡ 6ರಷ್ಟು ವ್ಯತ್ಯಾಸ. ಈಗಿನ ಕಾರುಗಳು ಗ್ರಿಲ್ ಹತ್ತಿರದಿಂದ, ಹೊರಗಿನ ಗಾಳಿಯನ್ನೇ ಎಳೆಯುತ್ತವೆ. ಅವಕ್ಕೆ ಈ ಲಾಭ ಇಲ್ಲವೆಂದೇ ಹೇಳಬೇಕು.

ಮೈಲೇಜ್ ಜಾಸ್ತಿ ಆಗುತ್ತದಾ? ಪವರ್?

ಟ್ಯಾಂಕ್ ಫುಲ್ ಮಾಡಿಸಿ, ಮತ್ತೆ ಫುಲ್ ಮಾಡಿಸಿ ಮೂರು ತಿಂಗಳು ಲೆಕ್ಕ ಬರೆದೆ. ಟೈರಿನ ಗಾಳಿ ಕಡಿಮೆಯಾದರೆ ಆಗುವ ವ್ಯತ್ಯಾಸವೂ ಕಾಣಲಿಲ್ಲ. ಹೊಗೆ ಬಿಸಿಯಾಗಿದ್ದರೆ ಬೇಗ ಹರಿದು ಹೋಗುತ್ತದೆ, ಟರ್ಬೊ (ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ) ಬೇಗ ತಿರುಗುತ್ತದೆ ಅನ್ನುವುದು ನಿಜ. ರೇಸ್ ಕಾರಿನವರು ಸುತ್ತುವುದು ಅದಕ್ಕೇ. ಅವರದ್ದು ಸೆಕೆಂಡಿನ ಲೆಕ್ಕ. ನಮ್ಮದು ಸಂತೆಗೆ ಹೋಗಿ ಬರುವ ಲೆಕ್ಕ.

ಯಾವ ಪಟ್ಟಿ ತಗೋಬೇಕು? ಬಿಳಿಯದಾ, ಕಂದು ಬಣ್ಣದ್ದಾ?

ಬಿಳಿ ಅಥವಾ ಕಪ್ಪು ಪಟ್ಟಿ ಸಾಮಾನ್ಯವಾಗಿ ಫೈಬರ್ ಗ್ಲಾಸ್. ಸತತವಾಗಿ 500 ಡಿಗ್ರಿ ಚಿಲ್ಲರೆ ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಕಾದರೆ ದಿನ ಕಳೆದಂತೆ ಗಡುಸಾಗಿ ಹಪ್ಪಳದ ಹಾಗೆ ಮುರಿಯುತ್ತದೆ. ಕಂದು ಅಥವಾ ಚಿನ್ನದ ಬಣ್ಣದ್ದನ್ನು ಟೈಟಾನಿಯಂ ಅಂತಲೋ ಲಾವಾ ಅಂತಲೋ ಹೆಸರಿಟ್ಟು ಮಾರುತ್ತಾರೆ. ಅದರಲ್ಲಿ ಟೈಟಾನಿಯಂ ಲೋಹ ಇರುವುದಿಲ್ಲ, ಬಣ್ಣಕ್ಕೆ ಆ ಹೆಸರು ಅಷ್ಟೇ. ಬಸಾಲ್ಟ್ ಕಲ್ಲನ್ನು ಕರಗಿಸಿ ಎಳೆದ ನೂಲು ಅದು. ಬಿಳಿ ಪಟ್ಟಿಗಿಂತ ಹೆಚ್ಚು ಬಿಸಿ ತಡೆಯುತ್ತದೆ, ಸುತ್ತುವುದಕ್ಕೂ ಮೆತ್ತಗಿರುತ್ತದೆ.

ಈ ಬಸಾಲ್ಟ್ ನಮಗೇನೂ ಹೊಸದಲ್ಲ. ಬೀದರ್, ಆಳಂದ, ಹುಮನಾಬಾದ್ ಕಡೆಯ ಎರೆ ಭೂಮಿಯ ಕೆಳಗಿರುವ ಕರಿಕಲ್ಲು ಇದೇ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖ್ಖನ್ ಲಾವಾ ಗಟ್ಟಿಯಾಗಿ ಆದದ್ದು. ನಾವು ಬಾವಿ ತೋಡುವಾಗ ಬೈದುಕೊಳ್ಳುವ ಅದೇ ಜಾತಿಯ ಕಲ್ಲು ಪಟ್ಟಿಯಾಗಿ, ಆನ್‌ಲೈನ್‌ನಲ್ಲಿ ಡಬ್ಬಲ್ ರೇಟಿಗೆ ಮನೆಗೆ ಬರುತ್ತದೆ!

ಮ್ಯಾನಿಫೋಲ್ಡ್ ಹತ್ತಿರವಾದರೆ ಬಸಾಲ್ಟ್, ಕೆಳಗಿನ ಪೈಪಿಗಾದರೆ ಫೈಬರ್ ಗ್ಲಾಸ್ ಸಾಕು. ಪ್ಯಾಕೆಟ್ ಮೇಲೆ ಬರೆದ ದೊಡ್ಡ ಅಂಕಿ ನೋಡಿ ಮೋಸ ಹೋಗಬೇಡಿ. ಅದು ಬಹಳ ಸಲ ಫ್ಯಾರನ್‌ಹೀಟ್‌ನಲ್ಲಿ ಇರುತ್ತದೆ, ಅದೂ ಸ್ವಲ್ಪ ಹೊತ್ತು ಮಾತ್ರ ತಡೆಯುವ ಬಿಸಿ. 1200 ಫ್ಯಾರನ್‌ಹೀಟ್ ಅಂದರೆ ನಮ್ಮ ಲೆಕ್ಕದಲ್ಲಿ 650 ಡಿಗ್ರಿ.

ಮಿಸ್ತ್ರಿ ಅಸ್ಬೆಸ್ಟಾಸ್ ಹಗ್ಗ ಸುತ್ತುತ್ತೇನೆ ಅನ್ನುತ್ತಾರೆ. ಅಗ್ಗವಂತೆ. ಸುತ್ತಿಸಲೇ?

ಬೇಡವೇ ಬೇಡ. ಬಾಯ್ಲರ್, ಭಟ್ಟಿ ಕೆಲಸಕ್ಕೆ ಹಿಂದೆ ಬಳಸುತ್ತಿದ್ದ ಹಗ್ಗ ಅದು. ಅದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣಗೆ ಒಡೆದು ಎದೆಯೊಳಗೆ ಸೇರಿದರೆ ಹೊರಗೆ ಬರುವುದಿಲ್ಲ. ಶ್ವಾಸಕೋಶದ ಕ್ಯಾನ್ಸರಿನವರೆಗೂ ಹೋಗುತ್ತದೆ, ಅದೂ ಎಷ್ಟೋ ವರ್ಷದ ಮೇಲೆ.

ಎಲ್ಲಿ ಸುತ್ತಬಹುದು, ಎಲ್ಲಿ ಸುತ್ತಬಾರದು?

ಡೌನ್‌ಪೈಪ್ ಮತ್ತು ಅದರ ಮುಂದಿನ ಪೈಪಿನಲ್ಲಿ, ಪಕ್ಕದಲ್ಲಿ ಬೇಯುವಂಥದ್ದು ಏನಾದರೂ ಇರುವ ಕಡೆ ಮಾತ್ರ ಸುತ್ತಿ. ಇಡೀ ಪೈಪಿಗೆ ಸುತ್ತುವುದು ಸುಮ್ನೆ ದುಡ್ಡು ಹಾಳು.

ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಸುತ್ತಲೇಬೇಡಿ. ಅದು ತನ್ನೊಳಗೇ ಬಿಸಿ ಹುಟ್ಟಿಸುವ ಡಬ್ಬಿ. ಮೇಲೆ ಕೌದಿ ಹೊದಿಸಿದರೆ, ಎಂಜಿನ್ ಒಂದು ದಿನ ಮಿಸ್ ಹೊಡೆದು ಉರಿಯದ ಪೆಟ್ರೋಲ್ ಅದರೊಳಗೆ ಬಂದರೂ ಸಾಕು, ಒಳಗಿನ ಜೇನುಗೂಡಿನಂಥ ಭಾಗ ಕರಗಿ ಮುದ್ದೆಯಾಗಬಹುದು. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇರುವ ಜಾಗದಲ್ಲಿ ಎರಡು ಬೆರಳು ಖಾಲಿ ಬಿಡಿ. ಅಲುಗಾಡಲು ಇರುವ ಹೆಣೆದ ಫ್ಲೆಕ್ಸ್ ಪೈಪಿಗೆ ಸುತ್ತಬೇಡಿ. ಎರಕದ ಕಬ್ಬಿಣದ ಮ್ಯಾನಿಫೋಲ್ಡಿಗೂ ಬೇಡ ಅನ್ನುತ್ತೇನೆ, ಅದು ಬಿಸಿ ಹೆಚ್ಚಾಗಿ ಬಿರುಕು ಬಿಡಬಹುದು. ಹಿಂದಿನ ಸೈಲೆನ್ಸರ್ ಡಬ್ಬಿಗೆ ಸುತ್ತಿ ಏನು ಮಾಡುತ್ತೀರಿ?

ಸುತ್ತುವ ಮುಂಚೆ ಪೈಪಿನಲ್ಲಿ ಲೀಕ್ ಇದೆಯಾ ನೋಡಿ. ಜಾಯಿಂಟಿನ ಹತ್ತಿರ ಕರಿ ಮಸಿ ಕಂಡರೆ, ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಕ್ ಟಕ್ ಸದ್ದು ಬಂದರೆ ಲೀಕ್ ಇದೆ ಅಂತಲೇ. ಅದರ ಮೇಲೆ ಪಟ್ಟಿ ಸುತ್ತಿದರೆ ಸದ್ದು ಅಡಗುತ್ತದೆ, ಲೀಕ್ ಅಡಗುವುದಿಲ್ಲ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎಸಿ ಹಾಕಿ ಗಾಜು ಏರಿಸಿ ಕೂತವರಿಗೆ ಮೊದಲು ತಲೆನೋವು, ಆಮೇಲೆ ನಿದ್ದೆ. ಜೀವಕ್ಕೇ ಅಪಾಯ.

ಎಷ್ಟು ಮೀಟರ್ ಬೇಕು?

50 ಮಿಲಿಮೀಟರ್ ಪೈಪಿಗೆ 50 ಮಿಲಿಮೀಟರ್ ಅಗಲದ ಪಟ್ಟಿಯನ್ನು, ಒಂದರ ಮೇಲೊಂದು 10 ಮಿಲಿಮೀಟರ್ ಬರುವಂತೆ ಸುತ್ತಿದರೆ ಪ್ರತಿ ಸುತ್ತಿಗೆ 40 ಮಿಲಿಮೀಟರ್ ಮುಂದೆ ಹೋಗುತ್ತೀರಿ. ಒಂದು ಮೀಟರ್ ಪೈಪಿಗೆ 25 ಸುತ್ತು. ಒಂದು ಸುತ್ತಿಗೆ 157 ಮಿಲಿಮೀಟರ್. ಒಟ್ಟು 4 ಮೀಟರ್. ಅಂದರೆ ಪೈಪಿನ ಉದ್ದದ ನಾಲ್ಕು ಪಟ್ಟು, ಮೇಲೆ ಸ್ವಲ್ಪ ಹೆಚ್ಚೇ ತಗೊಳ್ಳಿ.

ಸುತ್ತುವುದು ಹೇಗೆ?

ರಾತ್ರಿಯೇ ಕಾರು ನಿಲ್ಲಿಸಿ, ಬೆಳಿಗ್ಗೆ ಆರಕ್ಕೆ ಶುರು ಮಾಡಿ. ಪೈಪು ಪೂರ್ತಿ ಆರಿರಬೇಕು, ಬಿಸಿಲೂ ಏರಿರಬಾರದು. ಆಗುವುದಾದರೆ ಪೈಪನ್ನು ಬಿಚ್ಚಿ ಹೊರಗೆ ತೆಗೆದುಕೊಳ್ಳಿ. ಕಾರಿನ ಕೆಳಗೆ ಮಲಗಿ ಸುತ್ತಿದರೆ ಗಾಜಿನ ಚೂರೆಲ್ಲ ಕಣ್ಣಿಗೇ ಬೀಳುತ್ತದೆ. ತುಂಬು ತೋಳಿನ ಅಂಗಿ, ಕೈಗವಸು, ಕನ್ನಡಕ, ಮಾಸ್ಕ್ ಹಾಕಲೇಬೇಕು. ಸೆಕೆ ಅಂತ ಬನಿಯನ್‌ನಲ್ಲಿ ಕೂತು ಸುತ್ತಿದ ನನ್ನ ಗೆಳೆಯ ಎರಡು ದಿನ ಮೈ ಕೆರೆದುಕೊಂಡ. ಚೂರು ಚುಚ್ಚಿದರೆ ಉಜ್ಜಬೇಡಿ, ತಣ್ಣೀರು ಧಾರಾಳವಾಗಿ ಹುಯ್ಯಿರಿ. ಆ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ತೊಳೆಯಬೇಡಿ.

ಪೈಪಿನ ತುಕ್ಕು, ಎಣ್ಣೆ, ಕೆಸರು ತಿಕ್ಕಿ ತೆಗೆಯಿರಿ. ಫೈಬರ್ ಗ್ಲಾಸ್ ಪಟ್ಟಿಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ನೆನೆದರೆ ಧೂಳು ಏಳುವುದಿಲ್ಲ, ಪಟ್ಟಿ ಮೆತ್ತಗಾಗುತ್ತದೆ, ಆಮೇಲೆ ಒಣಗಿ ಬಿಗಿಯಾಗುತ್ತದೆ. ನಮ್ಮ ಒಣ ಗಾಳಿಗೆ ಬಕೆಟಿನಿಂದ ತೆಗೆದ ಪಟ್ಟಿ ನೋಡನೋಡುತ್ತಲೇ ಒಣಗುತ್ತದೆ. ಅದಕ್ಕೆ ಸುರುಳಿಯನ್ನು ಬಕೆಟಿನಲ್ಲೇ ಬಿಟ್ಟು, ತುದಿ ಎಳೆದುಕೊಳ್ಳುತ್ತಾ ಸುತ್ತಿ.

ಕಾರಿನ ಕೆಳಗಿನ ಪೈಪಿಗಾದರೆ ಹಿಂದಿನಿಂದ ಶುರು ಮಾಡಿ ಎಂಜಿನ್ ಕಡೆ ಬನ್ನಿ. ಹಂಚಿನ ಮನೆ ನೆನಪಿಸಿಕೊಳ್ಳಿ. ಮೇಲಿನ ಹಂಚು ಕೆಳಗಿನದರ ಮೇಲೆ ಕೂತಿದ್ದರೆ ನೀರು ಜಾರುತ್ತದೆ. ಇಲ್ಲೂ ಅದೇ. ಮುಂದಿನ ಸುತ್ತು ಹಿಂದಿನದರ ಮೇಲೆ ಬಂದರೆ, ಓಡುವಾಗ ಗಾಳಿ, ಕೆಸರು ಅಂಚಿನೊಳಗೆ ನುಗ್ಗುವುದಿಲ್ಲ. ಶುರುವಿನಲ್ಲಿ ಒಂದೇ ಜಾಗದಲ್ಲಿ ಎರಡು ಸುತ್ತು ಹಾಕಿ ಸ್ಟೀಲ್ ಟೈ ಬಿಗಿಯಿರಿ. ಪ್ಲಾಸ್ಟಿಕ್ ಟೈ ಹಾಕಬೇಡಿ, ಮೊದಲ ಸಿಗ್ನಲ್ ಬರುವುದರೊಳಗೆ ಕರಗಿರುತ್ತದೆ. ಪೇಟ ಸುತ್ತುವವರ ಕೈ ನೋಡಿದ್ದೀರಾ? ಒಂದು ಕೈ ಸುತ್ತುತ್ತದೆ, ಇನ್ನೊಂದು ಕೈ ಎಳೆತ ಬಿಡುವುದಿಲ್ಲ. ಹಾಗೇ ಸುತ್ತಬೇಕು. ಬೆಂಡ್ ಬಂದಾಗ ಒಳಮಗ್ಗುಲಲ್ಲಿ ಪಟ್ಟಿ ದಪ್ಪಗೆ ಕೂಡುತ್ತದೆ, ಹೊರಮಗ್ಗುಲಲ್ಲಿ ಬಾಯಿ ಬಿಡುತ್ತದೆ. ಅಲ್ಲಿ ಅವಸರ ಬೇಡ. ಬಿಚ್ಚಿ ಮತ್ತೆ ಸುತ್ತಿದರೂ ಪರವಾಗಿಲ್ಲ. ನಾನು ಒಂದೇ ಬೆಂಡನ್ನು ನಾಲ್ಕು ಸಲ ಸುತ್ತಿದ್ದೇನೆ.

ಟೈನ ಉಳಿದ ತುದಿ ಕತ್ತರಿಸಿ, ಚೂಪಾದ ಕೊನೆಯನ್ನು ಒಳಗೆ ಮಡಚಿ. ಇಲ್ಲದಿದ್ದರೆ ಮುಂದೆ ಆಯಿಲ್ ಬದಲಿಸುವ ಹುಡುಗನ ಕೈ ಕೊಯ್ಯುತ್ತದೆ.

ಸ್ಟಾರ್ಟ್ ಮಾಡಿದರೆ ಹೊಗೆ ಬರುತ್ತಿದೆ. ಸುಡುತ್ತಿದೆಯಾ?

ಮೊದಲ ಸಲ ಹೊಗೆ, ವಾಸನೆ ಬರುವುದು ಸಹಜ. ನೆನೆದ ನೀರು ಆವಿಯಾಗುತ್ತದೆ, ನೂಲಿಗೆ ಹಚ್ಚಿದ ಅಂಟು ಉರಿದು ಹೋಗುತ್ತದೆ. ಬಯಲಿನಲ್ಲಿ ನಿಲ್ಲಿಸಿ ಹತ್ತು, ಹದಿನೈದು ನಿಮಿಷ ಎಂಜಿನ್ ಓಡಿಸಿ ಬಂದ್ ಮಾಡಿ. ಆರಿದ ಮೇಲೆ ಟೈ ಮತ್ತೆ ಬಿಗಿಯಿರಿ. ಎರಡು ಮೂರು ಸಲ ಓಡಿಸುವುದರೊಳಗೆ ಹೊಗೆ ನಿಲ್ಲಬೇಕು. ವಾರದ ಮೇಲೂ ಬರುತ್ತಿದ್ದರೆ ಅದು ಪಟ್ಟಿಯ ಹೊಗೆಯಲ್ಲ, ಎಣ್ಣೆಯದು.

ಪಟ್ಟಿಯಿಂದ ಬೆಂಕಿ ಹತ್ತುತ್ತದಾ?

ಗಾಜು ಉರಿಯುವುದಿಲ್ಲ. ಆದರೆ ದೀಪದ ಬತ್ತಿ ಏನು ಮಾಡುತ್ತದೆ? ಎಣ್ಣೆ ಹೀರಿ ಹಿಡಿದಿಟ್ಟುಕೊಳ್ಳುತ್ತದೆ ಅಲ್ವಾ? ಪಟ್ಟಿಯೂ ಅದನ್ನೇ ಮಾಡುತ್ತದೆ. ಬರಿ ಪೈಪಿನ ಮೇಲೆ ಬಿದ್ದ ಎಣ್ಣೆ ಹನಿ ಹೊಗೆಯಾಗಿ ಹೋಗುತ್ತದೆ. ಪಟ್ಟಿಯ ಮೇಲೆ ಬಿದ್ದದ್ದು ಒಳಗೆ ಇಳಿದು, ಸೇರುತ್ತಾ ಸೇರುತ್ತಾ ಒಂದು ದಿನ ಹೊತ್ತಿಕೊಳ್ಳುತ್ತದೆ.

ನಾನು ಕಿತ್ತು ಎಸೆದ ಪಟ್ಟಿಯ ಕತೆ ಇದೇ. ಎಂಜಿನ್ ಮೇಲಿನ ಕವರಿನ ಗ್ಯಾಸ್ಕೆಟ್‌ನಿಂದ, ಅಂದರೆ ಸಂದಿ ಮುಚ್ಚುವ ಸೀಲಿನಿಂದ, ಎಣ್ಣೆ ಜಿನುಗುತ್ತಿತ್ತು. ನನಗೆ ಗೊತ್ತಿತ್ತು. "ಆಮೇಲೆ ಮಾಡಿಸೋಣ" ಅಂತ ಅದರ ಕೆಳಗೇ ಮ್ಯಾನಿಫೋಲ್ಡಿಗೆ ಪಟ್ಟಿ ಸುತ್ತಿದ್ದೆ. ಹುಮನಾಬಾದಿಗೆ ಹೋಗುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆ ನಿಲ್ಲಿಸಿದೆ. ಚಿಲ್ಲರೆ ಎಣಿಸುತ್ತಿದ್ದ ಹಣ್ಣಿನವಳು ಕೈ ನಿಲ್ಲಿಸಿ, "ಹೊಗಿ ಹೊಂಟದ ನೋಡ್ರಿ" ಅಂದಳು. ಬಾನೆಟ್ ಸಂದಿಯಿಂದ ಊದುಬತ್ತಿಯ ಹೊಗೆಯಷ್ಟು ತೆಳ್ಳಗೆ ನೀಲಿ ಎಳೆ ಬರುತ್ತಿತ್ತು. ಕೀ ತೆಗೆದೆ. ಪಕ್ಕದ ಅಂಗಡಿಯವನು ಕೊಡ ನೀರು ತಂದ. ಕಾದ ಎರಕದ ಕಬ್ಬಿಣದ ಮೇಲೆ ನೀರು ಹುಯ್ದರೆ ಸೀಳುತ್ತದೆ, ಬೇಡ ಅಂದೆ. ಇಪ್ಪತ್ತು ನಿಮಿಷ ಸುಮ್ನೆ ನಿಂತೆವು. ಹೊಗೆ ತಾನಾಗಿ ಕಡಿಮೆಯಾಯಿತು. ಬಾನೆಟ್ ಎತ್ತಿದರೆ ಮೂರನೇ ಕವಲಿನ ಪಟ್ಟಿ ಕರಿಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಂದು ಬದಿಯಲ್ಲಿ ಸುಟ್ಟ ಗುರುತು, ಅಂಗೈಯಷ್ಟು ಅಗಲ. ಆ ಗ್ಯಾಸ್ಕೆಟ್ ಬೆಲೆ ಒಂದು ಡಜನ್ ಬಾಳೆಹಣ್ಣಿಗಿಂತ ಬಹಳ ಜಾಸ್ತಿ ಏನಿರಲಿಲ್ಲ.

ಅದಕ್ಕೆ ಎಣ್ಣೆ, ಪೆಟ್ರೋಲ್, ಪವರ್ ಸ್ಟೀರಿಂಗ್ ಆಯಿಲ್ ಯಾವುದೇ ಜಿನುಗುತ್ತಿದ್ದರೂ ಮೊದಲು ಅದನ್ನು ನಿಲ್ಲಿಸಿ. ಆಯಿಲ್ ಫಿಲ್ಟರ್ ಬಿಚ್ಚುವಾಗ ಪಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಎಣ್ಣೆ ಕುಡಿದ ಪಟ್ಟಿಯನ್ನು ತೊಳೆದು ಬಳಸಲು ನೋಡಬೇಡಿ, ಬಿಸಾಡಿ. ಸೀಟಿನ ಕೆಳಗೆ 1 ಕೆಜಿಯ ಪೌಡರ್ ಅಗ್ನಿಶಾಮಕ ಇರಲಿ. ಬೆಂಕಿಯೇ ಕಂಡರೆ ಬಾನೆಟ್ ಪೂರ್ತಿ ಎತ್ತಬೇಡಿ. ಗಾಳಿ ಸಿಕ್ಕಿ ಭಗ್ ಅನ್ನುತ್ತದೆ. ಸಂದಿಯಿಂದಲೇ ಪೌಡರ್ ಹೊಡೆಯಿರಿ. ಅದಕ್ಕೂ ಬಗ್ಗದಿದ್ದರೆ ದೂರ ಹೋಗಿ 112ಕ್ಕೆ ಫೋನ್ ಮಾಡಿ.

ಪೈಪ್ ತುಕ್ಕು ಹಿಡಿಯುತ್ತದೆ ಅನ್ನುತ್ತಾರೆ, ನಿಜವಾ?

ನಿಜ. ಎರಡು ದಾರಿಯಲ್ಲಿ ಹಾಳಾಗುತ್ತದೆ. ಮಳೆಗಾಲದಲ್ಲಿ ಪಟ್ಟಿ ನೀರು ಹಿಡಿದುಕೊಂಡು ಪೈಪನ್ನು ಒದ್ದೆಯಾಗಿ ಇಡುತ್ತದೆ. ದಿನಾ ಓಡುವ ಕಾರಾದರೆ ಒಣಗುತ್ತದೆ. ವಾರಕ್ಕೊಮ್ಮೆ ಓಡುವ ಕಾರಿಗೆ ಇದು ಕಷ್ಟ. ಭೀಮಾ ತುಂಬಿದಾಗ ಅಫಜಲಪುರ, ಜೇವರ್ಗಿ ಕಡೆ ಸೇತುವೆ ಮೇಲಿನ ನೀರಲ್ಲಿ ಕಾರು ಇಳಿಸುವವರಿದ್ದಾರೆ. ಅಂಥವರು ಪಟ್ಟಿ ಮರೆತುಬಿಡಿ. ಅದಕ್ಕಿಂತ ಮೊದಲು ಆ ನೀರಲ್ಲಿ ಇಳಿಯುವುದನ್ನು ಮರೆಯಿರಿ.

ಎರಡನೆಯದು ಬಿಸಿಯೇ. ಹೊರಗೆ ಹೋಗಬೇಕಾದ ಬಿಸಿಯನ್ನು ತಡೆದಿದ್ದೀರಿ, ಹಾಗಾಗಿ ಪೈಪಿನ ಲೋಹ ಮೊದಲಿಗಿಂತ ಜಾಸ್ತಿ ಕಾಯುತ್ತದೆ. ಸಾದಾ ಕಬ್ಬಿಣದ ಪೈಪು 550 ಡಿಗ್ರಿ ದಾಟಿದರೆ ಪದರು ಪದರಾಗಿ ಉದುರಲು ಶುರು. ಒಳ್ಳೆ ಸ್ಟೇನ್‌ಲೆಸ್ ಪೈಪು ಹೆಚ್ಚು ದಿನ ತಡೆಯುತ್ತದೆ, ಆದರೂ ವೆಲ್ಡಿಂಗ್ ಹತ್ತಿರ ಬಿರುಕು ಬರಬಹುದು. ಪ್ರತಿ ಸರ್ವಿಸ್‌ನಲ್ಲಿ ಪಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಚರಚರ ಸದ್ದು ಬಂದರೆ ಪೈಪು ಉದುರುತ್ತಿದೆ ಅಂತ ಅರ್ಥ.

ರಸ್ತೆ ಮೇಲೆ ರಾಶಿ ಹಾಕಿದ ತೊಗರಿ ಕಡ್ಡಿ ಮೇಲೆ ಹೋದರೆ ಪಟ್ಟಿ ಕಾಪಾಡುತ್ತದಾ?

ಇದು ನಮ್ಮೂರಿನವರೇ ಕೇಳಬಲ್ಲ ಪ್ರಶ್ನೆ. ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಗಳಲ್ಲಿ ತೊಗರಿ ಹರಡುತ್ತಾರೆ, ವಾಹನಗಳೇ ತುಳಿದು ಕಾಳು ಬಿಡಿಸಲಿ ಅಂತ. ಒಣಗಿದ ಕಡ್ಡಿ ಕಾರಿನ ಕೆಳಗೆ ಸಿಕ್ಕಿಕೊಂಡು, ಆಕ್ಸಲ್ಲಿಗೆ ಸುತ್ತಿ, ಕಾದ ಪೈಪಿಗೆ ತಾಗಿ ಹೊತ್ತಿಕೊಳ್ಳುತ್ತದೆ. ಪಟ್ಟಿಯ ಹೊರಮೈ ಬರಿ ಪೈಪಿನಷ್ಟು ಬಿಸಿ ಇರುವುದಿಲ್ಲ ಅನ್ನುವುದು ನಿಜ. ಆದರೆ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿ ಹಾಗೇ ಇರುತ್ತದಲ್ಲ? ಅದಕ್ಕೆ ಸುತ್ತುವ ಹಾಗಿಲ್ಲ. ಜೊತೆಗೆ ಚೂಪು ಕಡ್ಡಿಗಳು ಪಟ್ಟಿಯ ಅಂಚಿಗೆ ಸಿಕ್ಕಿ ಅದನ್ನು ಹರಿಯುತ್ತವೆ.

ನನ್ನ ಮಾತು ಕೇಳಿದರೆ, ರಾಶಿ ಕಂಡರೆ ಇಳಿದು, ಬದಿಗೆ ಸರಿಸಲು ಕೇಳಿ. ಬೇರೆ ದಾರಿಯೇ ಇಲ್ಲದಿದ್ದರೆ ನಿಧಾನ ದಾಟಿ, ನೂರು ಮೀಟರ್ ಮುಂದೆ ನಿಲ್ಲಿಸಿ, ಮೊಬೈಲ್ ಟಾರ್ಚ್ ಹಾಕಿ ಕೆಳಗೆ ಬಗ್ಗಿ ನೋಡಿ. ರಾಶಿಯ ಮೇಲೆ ಮಾತ್ರ ನಿಲ್ಲಿಸಬೇಡಿ. ಬಿಎಸ್ 6 (ಹೊಸ ಹೊಗೆ ನಿಯಮದ) ಡೀಸೆಲ್ ಕಾರಿನವರು ಇನ್ನೂ ಹುಷಾರಾಗಿರಬೇಕು. ಅವುಗಳ ಹೊಗೆ ಪೈಪಿನಲ್ಲಿರುವ ಫಿಲ್ಟರ್ ತನ್ನೊಳಗಿನ ಮಸಿ ಸುಟ್ಟುಕೊಳ್ಳುವಾಗ 600 ಡಿಗ್ರಿ ಆಸುಪಾಸು ಕಾಯುತ್ತದೆ, ಅದೂ ನಿಮಗೆ ಗೊತ್ತಿಲ್ಲದೆ.

ಪಟ್ಟಿ ಬಿಟ್ಟು ಬೇರೆ ದಾರಿ ಇದೆಯಾ?

ಇದೆ, ಬಹಳ ಸಲ ಅದೇ ಚೆನ್ನ. ಕಾರಿನ ಜೊತೆ ಬಂದ ಹೀಟ್ ಶೀಲ್ಡ್, ಅಂದರೆ ಪೈಪಿನ ಮೇಲಿನ ತಗಡು, ಇದೆಯಾ ನೋಡಿ. ಹಳೇ ಕಾರುಗಳಲ್ಲಿ ಅದರ ಬೋಲ್ಟ್ ತುಕ್ಕು ಹಿಡಿದು ತಗಡು ಗಲಗಲ ಅನ್ನುತ್ತದೆ. "ಸೌಂಡ್ ಬರ್ತದ, ತೆಗೀರಿ" ಅಂತ ನಾವೇ ತೆಗೆಸಿ ಬಿಡುತ್ತೇವೆ. ಆಮೇಲೆ ಕಾಲಿನ ಕೆಳಗೆ ನೆಲ ಸುಡುತ್ತದೆ ಅಂತ ಪಟ್ಟಿ ಹುಡುಕುತ್ತೇವೆ! ಗುಜರಿಯಿಂದ ಅದೇ ತಗಡು ತಂದು, ದೊಡ್ಡ ವಾಷರ್ ಹಾಕಿ ಬಿಗಿಸಿದರೆ ಮುಗಿಯಿತು. ಹೊಳೆಯುವ ತಗಡು ಝಳವನ್ನು ವಾಪಸ್ ತಳ್ಳುತ್ತದೆ, ನಡುವಿನ ಸಂದಿನಲ್ಲಿ ಗಾಳಿ ಆಡುತ್ತದೆ. ನೀರು, ಎಣ್ಣೆ ಹೀರುವುದಿಲ್ಲ. ಪೈಪಿನ ಆಯುಷ್ಯವೂ ಕಡಿಮೆಯಾಗುವುದಿಲ್ಲ.

ಒಂದೇ ವೈರೋ ಹೋಸೋ ಬೇಯುತ್ತಿದ್ದರೆ ಅದಕ್ಕೇ ಬಿಸಿ ತಡೆಯುವ ಸ್ಲೀವ್, ಅಂದರೆ ಅಂಗಿ ತೋಳಿನಂಥ ಕವಚ ಹಾಕಿ. ಪೈಪಿಗೆ ಸೆರಾಮಿಕ್ ಕೋಟಿಂಗ್ ಮಾಡಿಸುವುದು ಎಲ್ಲಕ್ಕಿಂತ ಅಚ್ಚುಕಟ್ಟು, ಆದರೆ ದುಬಾರಿ. ಟರ್ಬೊ ಇದ್ದರೆ ಅದಕ್ಕೆ ಪಟ್ಟಿ ಸುತ್ತಬೇಡಿ. ಟರ್ಬೊ ಬ್ಲಾಂಕೆಟ್ ಅಂತಲೇ ಬೇರೆ ಸಿಗುತ್ತದೆ. ಅದೂ ರೇಸಿಗೆ ಸರಿ, ದಿನಬಳಕೆಗೆ ನಾನು ಹಾಕುವುದಿಲ್ಲ.

ಆರ್‌ಟಿಒದವರು ಹಿಡಿಯುತ್ತಾರಾ? ವಾರಂಟಿ?

ಕಲಬುರಗಿಯ ಕೆಎ 32 ಆಗಲಿ, ಯಾದಗಿರಿಯ 33 ಆಗಲಿ, ಬೀದರಿನ 38 ಆಗಲಿ, ಕಾನೂನು ಒಂದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆರ್‌ಸಿಯಲ್ಲಿ ಬರೆದ ವಿವರ ಬದಲಾಗುವಂಥ ಮಾರ್ಪಾಡು ತಡೆಯುತ್ತದೆ. ಪಟ್ಟಿ ಸುತ್ತಿದರೆ ಆ ವಿವರ ಏನೂ ಬದಲಾಗುವುದಿಲ್ಲ. ಆದರೆ ಪಟ್ಟಿ ಸುತ್ತುವ ನೆಪದಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತರೆ, ಸೈಲೆನ್ಸರ್ ಬದಲಿಸಿ ಸದ್ದು ಮಾಡಿದರೆ ಅದು ತಪ್ಪೇ. ಪೈಪಿನ ಜಾಗ ಬದಲಿಸುವವರಿಗೆ ಒಂದು ಮಾತು: ಪೆಟ್ರೋಲ್ ಲೈನಿನಿಂದ 35 ಮಿಲಿಮೀಟರ್ ಒಳಗೆ ಹೊಗೆ ಪೈಪು ಇರಬಾರದು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ.

ವಾರಂಟಿ ಇರುವ ಹೊಸ ಕಾರಿಗೆ ಸುತ್ತಲೇಬೇಡಿ. ಅಗತ್ಯವೂ ಇಲ್ಲ, ಜಗಳವೂ ಬೇಡ. ಹಳೇ ಕಾರಾದರೆ ವಿಮೆಯವರಿಗೆ ಬರಹದಲ್ಲಿ ತಿಳಿಸಿಡಿ.

ಬೈಕಿಗೆ ಸುತ್ತಬಹುದಾ?

ಕಾಲು ಸುಡದಿರಲಿ ಅಂತಾದರೆ ಸುತ್ತಬಹುದು. ಮಳೆಯಲ್ಲಿ ನೆನೆಯುವುದು ಜಾಸ್ತಿ, ಹಾಗಾಗಿ ಪೈಪು ಬೇಗ ಹೋಗುತ್ತದೆ. ಕ್ರೋಮ್ ಹೊಳಪು ಮತ್ತೆ ಬರುವುದಿಲ್ಲ.

ಹಳೇ ಪಟ್ಟಿ ತೆಗೆಯುವುದು ಹೇಗೆ?

ಹಳೇ ಪಟ್ಟಿ ಹೊಸದಕ್ಕಿಂತ ಕೆಟ್ಟದ್ದು, ಮುಟ್ಟಿದರೆ ಪುಡಿ. ಪೈಪು ಆರಿದ ಮೇಲೆ ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿಯಿಂದ ಚೆನ್ನಾಗಿ ಒದ್ದೆ ಮಾಡಿ. ಟೈ ಕತ್ತರಿಸಿ, ಪಟ್ಟಿಯನ್ನು ಉದ್ದಕ್ಕೆ ಸೀಳಿ, ನೇರ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಅಂಗಳ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ತೆಗೆದ ಮೇಲೆ ಪೈಪನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಪೈಪು ಟಣ್ ಅನ್ನುತ್ತದೆ. ಸವೆದದ್ದು ಒಡೆದ ಮಡಕೆಯ ಸದ್ದು ಮಾಡುತ್ತದೆ.

ಉಳಿದ ಪಟ್ಟಿ ಮನೆಯಲ್ಲಿ ಬೇರೆ ಯಾವುದಕ್ಕಾದರೂ ಬರುತ್ತದಾ?

ನನ್ನ ಹತ್ತಿರ ಮೂರು ಮೀಟರ್ ಉಳಿದಿತ್ತು. ರೊಟ್ಟಿ ಹಂಚಿನ ಹಿಡಿಕೆಗೆ ಸುತ್ತಿಕೊಡು ಅಂತ ನಮ್ಮವ್ವ ಕೇಳಿದಳು. ಗಾಜಿನ ಎಳೆ ಹಿಟ್ಟಿಗೆ ಬೀಳುತ್ತದೆ ಅಂತ ಕೊಡಲಿಲ್ಲ. ಈಗಲೂ ಅವಳು ಹಳೇ ಸೀರೆಯ ತುಂಡಿನಲ್ಲೇ ಹಂಚು ಇಳಿಸುತ್ತಾಳೆ, ಪಟ್ಟಿ ಅಟ್ಟದ ಮೇಲಿದೆ.